ಟಿಟವಿ ತತ್ತಿ ಇಟ್ಟ ಮೂಲೆ

ಹೋದ ಬೇಸಿಗೆಯಲ್ಲಿ ನನಗೆ ಶಾಲು ಹೊದಿಸಿದರು. ಗೋರಾ ಕಬರಸ್ತಾನದ ಒಳಗೆ ಕುರ್ಚಿ ಹಾಕಿ ಕೂರಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, ಫೋಟೋ ತೆಗೆದರು. ಮಂದಿ ಬರುತ್ತಾರೆಂದು ಅವತ್ತು ಬೆಳಿಗ್ಗೆಯೇ ಪೊದೆ ಕಡಿಸಿದ್ದರು. ಇಲ್ಲಿನವರು ಅದಕ್ಕೆ ಘಾಣೇರಿ ಎನ್ನುತ್ತಾರೆ, ನಾರುವ ಗಿಡ ಎಂದು. ಬಣ್ಣಬಣ್ಣದ ಸಣ್ಣ ಹೂವು, ಮುಟ್ಟಿದರೆ ಒರಟಾದ ಎಲೆ. ಕಡಿದಾಗ ಏಳುವ ವಾಸನೆ ಗಂಟಲವರೆಗೆ ಇಳಿಯುತ್ತದೆ. ಆ ವಾಸನೆ ಬಂದದ್ದೇ ತಡ, ನನಗೆ ಶಾಲು ಭಾರವಾಯಿತು. ಮೈಕ್ ಮುಂದೆ ಹಿಡಿದು "ಎರಡು ಮಾತಾಡಿ ಮಲ್ಲಮ್ಮ" ಎಂದರು. "ಎಲ್ಲಾರಿಗೂ ಶರಣ್ರಿ" ಅಂದು ಕುಳಿತೆ. ಅಲ್ಲಿ ಆಡದ ಮಾತು ಇದು.

ಪುಣೆಯ ಯೆರವಡಾದಲ್ಲಿ ನಮ್ಮ ಗುಡಿಸಲುಗಳ ವಸ್ತಿಗೂ ಆ ಕಬರಸ್ತಾನಕ್ಕೂ ನಡುವೆ ಒಂದೇ ಗೋಡೆ. ಬಿಳಿಯರು ಆಳುತ್ತಿದ್ದಾಗ ಅವರ ಸಿಪಾಯಿಗಳು, ಹೆಂಡಿರು ಮಕ್ಕಳು ಸತ್ತರೆ ಅಲ್ಲಿ ಹೂಳುತ್ತಿದ್ದರಂತೆ. ನಾವು ಬರುವಷ್ಟರಲ್ಲಿ ಹೂಳುವುದು ನಿಂತು ಎಷ್ಟೋ ಕಾಲವಾಗಿತ್ತು. ಗೋರಿಗಳ ಮೇಲೆ ಆಲದ ಬೇರು ಇಳಿದಿತ್ತು. ಒಳಗೆ ಮುಂಗುಸಿ, ಉಡ, ಹಾವು. ನಾವು ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಇಪ್ಪತ್ತು ಮನೆಯವರು. ಗಂಡಸರು ಗೋಡೆ ಕಟ್ಟಿದರು, ಹೆಂಗಸರು ಬುಟ್ಟಿ ಹೊತ್ತೆವು. ಈ ಊರಿನ ಎಷ್ಟು ಮನೆಗಳ ಮಣ್ಣು ನಮ್ಮ ತಲೆಯ ಮೇಲಿಂದ ಹೋಗಿದೆಯೋ ಲೆಕ್ಕವಿಲ್ಲ.

ನಮ್ಮಲ್ಲಿ ಹಲ್ಲು ಮೂಡದ ಕೂಸು ಸತ್ತರೆ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಊರಲ್ಲಾದರೆ ಹೊಲದ ಬದುವಿನಲ್ಲಿ ಹೂಳಿ, ಮೇಲೊಂದು ಕಲ್ಲಿಟ್ಟು, ನಾಯಿ ಕೆದರಬಾರದೆಂದು ಜಾಲಿ ಮುಳ್ಳು ಹೊಚ್ಚುತ್ತಿದ್ದೆವು. ಇಲ್ಲಿ ಬದು ಎಲ್ಲಿಂದ ತರುವುದು? ಮುನ್ಸಿಪಾಲ್ಟಿಯ ಮಸಣಕ್ಕೆ ಹೋದರೆ ಡಾಕ್ಟರ ಚೀಟಿ ಕೇಳುತ್ತಿದ್ದರು. ಗುಡಿಸಲಲ್ಲಿ ಹುಟ್ಟಿ ಗುಡಿಸಲಲ್ಲೇ ಸತ್ತ ಕೂಸಿಗೆ ಚೀಟಿ ಯಾರು ಬರೆಯುತ್ತಾರೆ?

ತೊಂಬತ್ತರ ಹಿಂದೆಮುಂದೆ ನನ್ನ ಕಡೆಯ ಕೂಸು ಹೋಯಿತು. ಹೆಣ್ಣು, ಒಂಬತ್ತು ದಿನದ್ದು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರೂ ಇರಲಿಲ್ಲ. ನನ್ನ ಗಂಡ ಅದನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಕಬರಸ್ತಾನದ ಕಾವಲುಗಾರನ ಮುಂದೆ ನಿಂತ. ಹಿಂದೆ ನಾನು.

ಕಬರಸ್ತಾನ ನೋಡಿಕೊಳ್ಳುವ ಟ್ರಸ್ಟಿನವರು ಇಟ್ಟ ಆ ಕಾವಲುಗಾರನ ಹೆಸರು ಸಾಮುವೆಲ್. ನಾವು ಸಾಮೇಲ್ ಕಾಕಾ ಎನ್ನುತ್ತಿದ್ದೆವು. ಗದಗ-ಬೆಟಗೇರಿಯ ಕ್ರಿಶ್ಚನ್ ಮನುಷ್ಯ. ಗೇಟಿನ ಪಕ್ಕದ ಖೋಲಿಯಲ್ಲಿ ಒಬ್ಬನೇ ಇರುತ್ತಿದ್ದ. ಕೂಸನ್ನು ನೋಡಿದ, ನನ್ನನ್ನು ನೋಡಿದ.

"ಪಡುವಣ ಮೂಲ್ಯಾಗ ಗೋರಿ ಇಲ್ಲ. ಅಲ್ಲಿ ಹಾಕ್ರಿ," ಅಂದ. "ಕುಂಕುಮ ಬ್ಯಾಡ, ಊದಿನಕಡ್ಡಿ ಬ್ಯಾಡ, ಬಾಯಿ ಮಾಡಿ ಅಳೂದು ಬ್ಯಾಡ. ಒಂದು ಕಲ್ಲು, ಮ್ಯಾಲೊಂದು ಘಾಣೇರಿ ಮುಳ್ಳಿನ ಟೊಂಗಿ. ಟ್ರಸ್ಟಿನವರಿಗೆ ಗೊತ್ತಾತಂದ್ರ ನನ್ನ ಅನ್ನ ಹೋತು. ಬಾಯಿ ಬಿಡಬ್ಯಾಡ್ರಿ."

"ಬಿಡೂದಿಲ್ಲ ಕಾಕಾ," ಅಂದವಳು ನಾನೇ.

ಆಮೇಲಿನ ಹತ್ತು ವರ್ಷದಲ್ಲಿ ವಸ್ತಿಯ ಎಂಟೊಂಬತ್ತು ಕೂಸುಗಳು ಅಲ್ಲಿಗೆ ಹೋದವು. ಮಧ್ಯಾಹ್ನ, ಬೀದಿ ಖಾಲಿ ಇರುವಾಗ. ಒಂದೊಂದಕ್ಕೆ ಮುಳಾ ನದಿಯಿಂದ ತಂದ ಗುಂಡಗಿನ ಒಂದೊಂದು ಕಲ್ಲು. ಬಾಯಿ ಯಾರೂ ಬಿಡಲಿಲ್ಲ. ಕುಡಿದರೆ ಮನೆಯ ಮಾತೆಲ್ಲ ಬೀದಿಗೆ ಚೆಲ್ಲುವ ಗಂಡಸರು ಕೂಡ ಆ ಒಂದು ಮಾತು ಚೆಲ್ಲಲಿಲ್ಲ. ಬಿಟ್ಟವಳು ನಾನು.

ಅದು ಹಿಂಜವಾಡಿಯಲ್ಲಿ ಗಾಜಿನ ಆಫೀಸುಗಳು ಏಳುತ್ತಿದ್ದ ವರ್ಷ. ಗಂಡ ಅಲ್ಲೇ ಸೈಟಿನಲ್ಲಿ ಇದ್ದು ವಾರಕ್ಕೊಮ್ಮೆ ಬರುತ್ತಿದ್ದ. ನನ್ನ ಸೊಂಟ ಬುಟ್ಟಿ ಹೊರಲು ಒಲ್ಲೆ ಅಂದಿತ್ತು. ಹೋಳಿ ಆದ ಮೇಲೆ ಒಂದು ಭಾನುವಾರ ಕಬರಸ್ತಾನಕ್ಕೆ ಹತ್ತು ಹದಿನೈದು ಮಂದಿ ಬಂದರು. ಕೊರಳಲ್ಲಿ ದುರ್ಬೀನು, ತಲೆಗೆ ಟೋಪಿ. ಹಳೆಯ ಕಲ್ಲು ಉಳಿಯಬೇಕು, ಹಕ್ಕಿ ಪಕ್ಕಿ ಉಳಿಯಬೇಕು ಎಂದು ಟ್ರಸ್ಟಿನಿಂದ ಅಪ್ಪಣೆ ತಂದಿದ್ದರು. ಹುಲ್ಲು ಕೊಯ್ಯಲು ಸಾಮೇಲ್ ಕಾಕಾ ನನ್ನನ್ನೂ ಪಕ್ಕದ ಗುಡಿಸಲಿನ ಯಲ್ಲವ್ವನನ್ನೂ ಹಚ್ಚಿದ.

ಅವರು ಗೋರಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕುವುದನ್ನು ನೋಡಿ ನಾನು ಯಲ್ಲವ್ವನಿಗೆ ಅಂದೆ, "ಇವರ ಮನ್ಯಾಗ ಯಾರೂ ಸತ್ತಿಲ್ಲೇನ, ಮಂದೀ ಗೋರಿ ತಿಕ್ಕಾಕ ಬಂದಾರ?"

ಒಬ್ಬಳು ತಿರುಗಿ ನೋಡಿ ನಕ್ಕಳು. "ಎಂತ ಮಾರಾಯ್ರೆ, ನೀವು ಕನ್ನಡವಾ? ಮೊದಲೇ ಹೇಳ್ಬಾರ್ದಾ!"

"ಅಯ್ಯ, ನಾ ಅಂದದ್ದು ಕೇಳಿಸ್ತೇನ್ರಿ?"

"ಕೇಳಿಸ್ತು. ನನ್ನ ಅತ್ತೆಯೂ ದಿನಾ ಅದನ್ನೇ ಕೇಳ್ತಾರೆ."

ಅವಳು ವಸುಧಾ. ಆ ಮಂದಿಗೆ ಅವಳೇ ಮುಂದಾಳು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಗಂಡನ ಮನೆಯವರದು ಉಡುಪಿ ಹೋಟೆಲು. ನಾನು ಬಾಯಾರ ಎಂದು ಕರೆದೆ. ಅವಳು ಮಲ್ಲಮ್ಮ ಅಂದಳು, ನೀವು ಅಂದಳು. ಪುಣೆಯಲ್ಲಿ ನನಗೆ 'ನೀವು' ಅಂದ ಓದಿದ ಹೆಂಗಸು ಅವಳೇ ಮೊದಲು.

ಸೋಪು ಹಚ್ಚಬೇಡಿ, ತಂತಿ ಬ್ರಷ್ ಮುಟ್ಟಿಸಬೇಡಿ, ಬರೀ ನೀರು ಎಂದು ಅವಳು ಕಲಿಸಿದಳು. ಯಾವ ಗೋರಿಯ ಬಿರುಕಿನಲ್ಲಿ ಉಡ ಇದೆ, ಸಂಜೆ ಮುಂಗುಸಿ ಮರಿಗಳನ್ನು ಯಾವ ದಾರಿಯಲ್ಲಿ ಕರೆದುಕೊಂಡು ಹೋಗುತ್ತದೆ, ಆಲದ ಪೊಟರೆಯಲ್ಲಿ ಗೂಗಿ ಎಷ್ಟು ಹೊತ್ತಿಗೆ ಕಣ್ಣು ಬಿಡುತ್ತದೆ ಎಂದು ನಾನು ತೋರಿಸಿದೆ. ಅವಳು ಕೇಳಿ ಕೇಳಿ ಬರೆದುಕೊಂಡಳು. "ನಿಮಗಿರುವಷ್ಟು ಕಣ್ಣು ನಮ್ಮ ಯಾರಿಗೂ ಇಲ್ಲ" ಅಂದಳು. ನನಗೆ ಅದು ತಲೆಗೇರಿತು. ಸುಳ್ಳು ಯಾಕೆ ಹೇಳಲಿ, ಭಾನುವಾರ ಬರಲಿ ಎಂದು ಕಾಯುತ್ತಿದ್ದೆ.

ಪಡುವಣ ಮೂಲೆಗೆ ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. "ಅಲ್ಲಿ ಹಾವು ಭಾಳ ಅದಾವ್ರಿ" ಎನ್ನುತ್ತಿದ್ದೆ. ಆ ವರ್ಷದ ಸಂಕ್ರಾಂತಿಗೇ ಯಲ್ಲವ್ವನ ಕೂಸು ಅಲ್ಲಿಗೆ ಹೋಗಿತ್ತು. ಅದರ ಮೇಲಿನ ಮುಳ್ಳು ಇನ್ನೂ ಹೊಸದಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಬಿಸಿಲು ಸುಡುತ್ತಿತ್ತು. ನಾವಿಬ್ಬರೇ ಒಂದು ಸಣ್ಣ ಗೋರಿಯ ಮೇಲಿನ ಪಾಚಿ ತೊಳೆಯುತ್ತಿದ್ದೆವು. ಪಾಚಿ ಹೋದ ಮೇಲೆ ಕಲ್ಲಿನ ಮೇಲೆ ಮಲಗಿದ ಕುರಿಮರಿ ಕಂಡಿತು. ಕೆಳಗೆ ಇಂಗ್ಲಿಷ್ ಅಕ್ಷರ. ವಸುಧಾ ಬೆರಳಿಟ್ಟು ಓದಿದಳು, ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು.

"ಹನ್ನೊಂದು ತಿಂಗಳ ಮಗು ಮಲ್ಲಮ್ಮ. ಹೆಣ್ಣು. ಅಪ್ಪ ಅಮ್ಮ ಇಲ್ಲಿ ಬಿಟ್ಟು ಊರಿಗೆ ಹಡಗು ಹತ್ತಿರ್ಬೇಕು ಅಲ್ವಾ?"

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅವಳ ಮುಖವನ್ನೇ ನೋಡಿದೆ. ನೂರು ವರ್ಷಕ್ಕೂ ಹಿಂದೆ ಸತ್ತ, ಗುರುತಿಲ್ಲದ, ನಮ್ಮದಲ್ಲದ ಕೂಸಿಗೆ ಅಳುವವಳು. ಇವಳಿಗೆ ಹೇಳಿದರೆ ಕೆಡುಕಾಗದು ಅನ್ನಿಸಿತು. ನಾನು ಮಾಡಿದ ತಪ್ಪು ಅದೇ. ಕಣ್ಣೀರನ್ನು ಕಂಡು ಮನುಷ್ಯರನ್ನು ಅಳೆದೆ.

ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಇದು ನನ್ನದು, ಇದು ಯಲ್ಲವ್ವಂದು, ಇದು ಇಂಥವರದು ಎಂದೆ. ಸಾಮೇಲ್ ಕಾಕಾ ಜಾಗ ಕೊಟ್ಟದ್ದನ್ನೂ ಹೇಳಿದೆ. ಅವಳು ಚಪ್ಪಲಿ ಬಿಚ್ಚಿ ನಿಂತಳು. ನನ್ನ ಕೈ ಹಿಡಿದಳು.

"ದೇವರಾಣೆ ಮಲ್ಲಮ್ಮ, ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗುದಿಲ್ಲ."

ಒಂದು ತಿಂಗಳು ಆ ಮಾತು ಹೊರಗೆ ಹೋಗಲಿಲ್ಲ. ಆಮೇಲೆ ಟ್ರಸ್ಟಿನ ಮೂವರು ಕಾರಿನಲ್ಲಿ ಬಂದರು. ತೊಳೆದ ಕಲ್ಲುಗಳನ್ನು ನೋಡಿ ಮೆಚ್ಚಿದರು. ತಿರುಗಾಡುತ್ತ ಪಡುವಣ ಮೂಲೆಗೆ ಬಂದರು. ಸಾಲುಗಲ್ಲು, ಹೊಸ ಮುಳ್ಳು. ಇದೇನು ಎಂದು ದೊಡ್ಡವರು ಮರಾಠಿಯಲ್ಲಿ ಕೇಳಿದರು. ಕಸ ಸಾಹೇಬ, ತೆಗೆಸುತ್ತೇನೆ, ಎಂದ ಸಾಮೇಲ್ ಕಾಕಾ. ಕಸವಲ್ಲ, ಇದು ಝೋಪಡಿಯವರು ಗಡಿ ಗುರುತು ಹಾಕಿಕೊಂಡಿದ್ದಾರೆ, ನಾಳೆ ಇಲ್ಲಿ ಗುಡಿಸಲು ಏಳುತ್ತದೆ, ಎಂದರು ಅವರು. ಭಾನುವಾರದ ಕೆಲಸವೂ ಬೇಡ, ಏನೂ ಬೇಡ, ಗೇಟಿಗೆ ಬೀಗ ಹಾಕಿ ಎಂದರು.

ವಸುಧಾ ನನ್ನ ಕಡೆ ನೋಡಿದಳು. ನಾನು ಬೇಡವೆಂದು ತಲೆ ಆಡಿಸಿದೆ. ಅವಳು ಆ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು. ಗಡಿಯಲ್ಲ ಸರ್, ಬಡವರ ಎಳೆ ಕೂಸುಗಳು. ಈ ಮಲ್ಲಮ್ಮನೇ ನನಗೆ ತೋರಿಸಿದ್ದು. ಸಾಮುವೆಲ್ ಕರುಣೆಯಿಂದ ಜಾಗ ಕೊಟ್ಟಿದ್ದಾನೆ, ಅವನನ್ನು ಬೈಯಬೇಡಿ. ನನ್ನ ಮರಾಠಿ ಚೆನ್ನಾಗಿಯೇ ಇದೆ, ಒಂದು ಮಾತೂ ತಪ್ಪಲಿಲ್ಲ. ಅವಳ ಕಣ್ಣು ಆಗಲೂ ತುಂಬಿತ್ತು.

ಅವರು ಬೈಯಲಿಲ್ಲ, ಶಾಂತವಾಗಿ ತೀರ್ಮಾನ ಮಾಡಿದರು. ತಿಂಗಳ ಕೊನೆಗೆ ಸಾಮುವೆಲ್ ಖೋಲಿ ಬಿಡಬೇಕು. ಮೂಲೆಯ ಕಲ್ಲು ಎತ್ತಿಸಿ ಎರಡು ಅಡಿ ಮಣ್ಣು ತುಂಬಬೇಕು. ಹಕ್ಕಿಗೆ ನೀರಿನ ಕೊಳ ಬೇಕೆಂದು ಬಾಯಾರು ಮೊದಲಿಂದ ಕೇಳುತ್ತಿದ್ದರಲ್ಲ, ಅದು ಅಲ್ಲಿಯೇ ಆಗಲಿ.

ಅವರ ಕಾರು ಹೋದ ಮೇಲೆ ನಾನು ಕೇಳಿದೆ, "ದೇವರಾಣಿ ಮಾಡಿದ್ರೆಲ್ರಿ ಬಾಯಾರ?"

"ನಿಮ್ಮ ಒಳ್ಳೇದಕ್ಕೇ ಹೇಳಿದ್ದು ಮಲ್ಲಮ್ಮ. ಇಲ್ಲದಿದ್ರೆ ಇಡೀ ಜಾಗಕ್ಕೆ ಬೀಗ ಬೀಳ್ತಿತ್ತು. ಒಂದು ಮೂಲೆಗೋಸ್ಕರ ಎಲ್ಲ ಕಳ್ಕೊಳ್ಳುದಾ? ನೀವೇ ಹೇಳಿ."

"ನನಗಿದ್ದದ್ದು ಆ ಮೂಲಿ ಒಂದs ರೀ," ಅಂದೆ.

ಸಾಮೇಲ್ ಕಾಕಾ ಗೇಟಿನ ಹತ್ತಿರ ಕಟ್ಟೆಯ ಮೇಲೆ ಕುಳಿತಿದ್ದ. ಬೈದಿದ್ದರೆ ಸಾಕಿತ್ತು, ಹೊಡೆದಿದ್ದರೂ ಸಾಕಿತ್ತು.

"ಮಲ್ಲವ್ವಾ, ಆ ಬಾಯಾರು ತಾವs ಕಂಡು ಹಿಡದ್ರು, ನೀ ಹೇಳಿದ್ದಲ್ಲ ಅಂತ ಒಂದು ಮಾತು ಹೇಳಬೆ. ಸುಳ್ಳಾದ್ರೂ ಅಡ್ಡಿಯಿಲ್ಲ."

ಹೇಳಬಾರದ ಕಡೆ ಆಡಿದ ಬಾಯಿ, ಹೇಳಬೇಕಾದ ಕಡೆ ಕಚ್ಚಿಕೊಂಡಿತು. ಅವನು ಟ್ರಂಕು ಎತ್ತಿಕೊಂಡು ದಾಪೋಡಿಯ ಮಗಳ ಮನೆಗೆ ಹೋದ. ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಯಾರು ಯಾರಿಗೆ ಮೋಸ ಮಾಡಿದರು ಎಂದು ಲೆಕ್ಕ ಹಾಕುವಾಗ ನಾನು ನನ್ನ ಹೆಸರನ್ನು ಬಿಟ್ಟು ಹಾಕುವುದಿಲ್ಲ.

ವಸ್ತಿಯಲ್ಲಿ ನನ್ನ ಜೊತೆ ಮಾತು ನಿಂತಿತು. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಯಲ್ಲವ್ವ ಒಬ್ಬಳೇ ಮಾತಾಡಿಸುತ್ತಿದ್ದಳು, ಅದೂ ಬೈಯುವುದಕ್ಕೆ.

ಕೆಲಸದವರು ಸಲಿಕೆ ತಂದು ಮೂಲೆಗೆ ಕಾಲಿಟ್ಟ ದಿನ ಎರಡು ಹಕ್ಕಿಗಳು ಅವರ ತಲೆಗೇ ಎರಗಿದವು. ನಾವು ಟಿಟವಿ ಎನ್ನುತ್ತೇವೆ, ವಸುಧಾ ಟಿಟ್ಟಿಭ ಎನ್ನುತ್ತಿದ್ದಳು. ಉದ್ದ ಹಳದಿ ಕಾಲು, ಕೊಕ್ಕಿನ ಹತ್ತಿರ ಕೆಂಪು ತೊಗಲು, ಒಂದೇ ಸಮನೆ ಕಿರುಚಾಟ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲಲ್ಲಿ ಕಲ್ಲುಹರಳಿನ ನಡುವೆ ತತ್ತಿ ಇಡುತ್ತದೆ. ನಮ್ಮ ಕಲ್ಲುಗಳ ಮಧ್ಯೆ, ಯಲ್ಲವ್ವನ ಕೂಸಿನ ಮಗ್ಗುಲಿಗೆ, ನಾಲ್ಕು ತತ್ತಿ ಇದ್ದವು. ಮಣ್ಣಿನ ಬಣ್ಣ, ಮೇಲೆ ಕರಿ ಚುಕ್ಕೆ, ಚೂಪು ತುದಿ ನಾಲ್ಕೂ ಒಳಮುಖ.

ವಸುಧಾ ಓಡಿ ಬಂದಳು. "ನಿಲ್ಲಿಸಿ, ನಿಲ್ಲಿಸಿ! ಮರಿ ಹೊರಗೆ ಬರುವವರೆಗೆ ಒಂದು ಸಲಿಕೆ ಮಣ್ಣೂ ಬೀಳಬಾರದು." ಟ್ರಸ್ಟಿನವರಿಗೆ ಫೋನು ಮಾಡಿದಳು. ಅವರು ಒಪ್ಪಿದರು. ಹತ್ತಿರ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿಸಿದಳು. ನಾಯಿ, ಕಾಗೆ ಬರದಂತೆ ಕಾಯಲು ನನ್ನನ್ನೇ ಕೂರಿಸಿದಳು. ಮರಿ ಆದ ದಿನ ಬಂದು ತಿಳಿಸಬೇಕೆಂದು ಹೇಳಿದಳು.

ಯಲ್ಲವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನನ್ನ ಮಗ ಸುಳ್ಳs ನನ್ನ ಹೊಟ್ಟ್ಯಾಗ ಹುಟ್ಟಿದ. ತತ್ತ್ಯಾಗ ಹುಟ್ಟಿದ್ರ ಬಾಯಾರು ಹಗ್ಗಾ ಕಟ್ಟಿ ಕಾಯಾಕ ಮಂದಿ ಇಡ್ತಿದ್ರು."

ನಾನು ಕಾಯ್ದೆ. ಹಕ್ಕಿಯ ಮೇಲೆ ನನಗೇನು ಸಿಟ್ಟು? ಬೇವಿನ ನೆರಳಲ್ಲಿ ಕುಳಿತು ಬೆಳಗಿಂದ ಸಂಜೆವರೆಗೆ ಅದನ್ನೇ ನೋಡಿದೆ. ಗಂಡು ಹೆಣ್ಣು ಪಾಳಿ ಹಚ್ಚಿ ಕೂರುತ್ತಿದ್ದವು. ಬಿಸಿಲು ಏರಿದಾಗ ಒಂದು ಹೋಗಿ ನಳದ ರಾಡಿಯಲ್ಲಿ ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತಿತ್ತು, ತಂಪಾಗಲಿ ಎಂದು. ಕಾಗೆಯನ್ನು ಅವೂ ಓಡಿಸಿದವು, ನಾನೂ ಓಡಿಸಿದೆ. ತತ್ತಿ ಒಡೆಯುವವರೆಗೆ ನನ್ನ ಕೂಸೂ ಅಲ್ಲಿರುತ್ತದೆ ಎಂದು ನನಗೆ ಗೊತ್ತಿತ್ತು. ಒಡೆಯದಿರಲಿ ಎಂದು ಬೇಡಿಕೊಂಡ ದಿನವೂ ಇದೆ. ಕೆಟ್ಟ ಬೇಡಿಕೆ. ಬೇಡಿಕೊಂಡೆ.

ಮುಂಗಾರಿನ ಮಿರಗದ ಮಳೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನೋಡಿದರೆ ತತ್ತಿ ಇಲ್ಲ. ನಾಲ್ಕು ಮರಿ, ಹತ್ತಿಯ ಉಂಡೆಗೆ ಕಾಲು ಬಂದ ಹಾಗೆ, ತಾಯಿಯ ಹಿಂದೆ ಓಡುತ್ತ ಗೋಡೆಯ ಸಂದಿಯಿಂದ ಆಚೆ ಹೋದವು. ಹುಟ್ಟಿದ ದಿನವೇ ನಡೆದು ಹೋಗುವ ಜಾತಿ ಅದು.

ನಾನು ವಸುಧಾಗೆ ಹೇಳಲು ಹೋಗಲಿಲ್ಲ. ಗೌಂಡಿಗಳು ಬಿಟ್ಟ ಖಡಿಯ ರಾಶಿಯಲ್ಲಿ ಹುಡುಕಿ ತತ್ತಿಯಷ್ಟೇ ಇರುವ ನಾಲ್ಕು ಕಲ್ಲು ಆರಿಸಿದೆ. ಮಸಿಯಿಂದ ಚುಕ್ಕೆ ಇಟ್ಟೆ. ಚೂಪು ತುದಿ ಒಳಮುಖ ಮಾಡಿ ಅದೇ ಕುಳಿಯಲ್ಲಿ ಜೋಡಿಸಿದೆ. ಅಷ್ಟು ದಿನ ಸುಮ್ಮನೆ ನೋಡಿರಲಿಲ್ಲ ನಾನು. ಹಗ್ಗದ ಈಚೆಗೇ ನಿಂತು ನೋಡಬೇಕೆಂಬ ಕಾಯ್ದೆ ಅವಳದೇ. ದುರ್ಬೀನು ಹಿಡಿದು ನೋಡಿದಳು.

"ಹಕ್ಕಿ ಎಲ್ಲಿ ಮಲ್ಲಮ್ಮ?"

"ನೀರಿಗೆ ಹೋಗ್ಯಾದ್ರಿ."

ಆರು ದಿನ ನಡೆಯಿತು. ಆ ಆರು ದಿನ ಮಧ್ಯಾಹ್ನ ಮಧ್ಯಾಹ್ನ ವಸ್ತಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟೆ. ಬಟ್ಟಲಲ್ಲಿ ಹಾಲು ತಂದು ಅವರವರ ಕಲ್ಲಿನ ಮೇಲೆ ಎರೆದು ಹೋದರು. ಯಾರೂ ಬಾಯಿ ಮಾಡಿ ಅಳಲಿಲ್ಲ, ಸಾಮೇಲ್ ಕಾಕಾನ ಮಾತು ಇನ್ನೂ ನಡೆಯುತ್ತಿತ್ತು. ಕಡೆಗೆ ಯಲ್ಲವ್ವ ಬಂದಳು. ಹಾಲೆರೆದು, ನನ್ನ ಪಕ್ಕ ಒಂದು ಗಳಿಗೆ ಕುಳಿತು, "ಕಲ್ಲಿಗೆ ಚುಕ್ಕಿ ಛಲೋ ಇಟ್ಟೀ" ಅಂದು ಎದ್ದು ಹೋದಳು.

ಏಳನೇ ದಿನ ಮಳೆ ಬಂತು. ಒಂದೇ ಸಮನೆ ಹೊಡೆಯಿತು. ತತ್ತಿ ನೀರಲ್ಲಿ ತೇಲುತ್ತದೆಂದು ಗಾಬರಿಯಾಗಿ ವಸುಧಾ ಕೊಡೆ ಹಿಡಿದುಕೊಂಡು ಬಂದು ಹಗ್ಗ ದಾಟಿದಳು. ಮಸಿ ತೊಳೆದು ಹೋಗಿತ್ತು. ನಾಲ್ಕು ಖಡಿಗಲ್ಲು. ಒಂದನ್ನು ಕೈಗೆತ್ತಿಕೊಂಡು ನನ್ನ ಮುಂದೆ ಹಿಡಿದಳು.

"ಮಲ್ಲಮ್ಮ, ನಿಮ್ಮನ್ನು ನಾನು ಎಷ್ಟು ನಂಬಿದ್ದೆ. ನೀವು ಇಂಥ ಮೋಸ ಮಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಅವಳ ಕಣ್ಣು ತುಂಬಿತು. ನನಗೆ ನಗು ಬಂತು. ಎದುರಿಗೇ ನಕ್ಕೆ. ಮೋಸ ಎನ್ನುವ ಮಾತನ್ನು ಅಷ್ಟು ದಿನ ನಾನು ಬಾಯಲ್ಲಿ ಇಟ್ಟುಕೊಂಡು ಓಡಾಡಿದ್ದೆ, ಅವಳು ಮೊದಲು ಉಗಿದಳು.

ಮರುದಿನ ಸಲಿಕೆ ಬಂದವು. ಕಲ್ಲು ಎತ್ತಲು ನಾನೇ ಹೋದೆ, ಬೇರೆಯವರ ಕೈ ಬೇಡ ಎಂದು. ಹತ್ತು ಮಳೆಗಾಲ ತೊಳೆದ ಕಲ್ಲು, ಎಲ್ಲ ಒಂದೇ ಥರ. ಬುಟ್ಟಿಗೆ ಹಾಕುವವರೆಗೆ ನನ್ನದು ಯಾವುದೆಂದು ಗೊತ್ತಿತ್ತು, ಬುಟ್ಟಿ ಸುರುವಿದ ಮೇಲೆ ಗೊತ್ತಾಗಲಿಲ್ಲ. ತಾಯಿಗೆ ಗೊತ್ತಾಗುತ್ತದೆ ಎಂದು ಹೇಳುವವರು ಹೇಳಿಕೊಳ್ಳಲಿ. ನದಿಗೆ ಒಯ್ಯಬೇಕೆಂದಿದ್ದೆ. ಕಲ್ಲು ಚಂದ ಇವೆ, ಕೊಳದ ಅಂಚಿಗೆ ಬೇಕು ಎಂದು ಇಟ್ಟುಕೊಂಡರು. ಟ್ರಕ್ಕಿನಲ್ಲಿ ಕೆಂಪು ಮಣ್ಣು ಬಂತು. ಆಷಾಢ ಮುಗಿಯುವಷ್ಟರಲ್ಲಿ ಕೊಳ ಆಯಿತು, ನಮಗೆ ಗೇಟು ಮುಚ್ಚಿತು.

ಇಷ್ಟು ವರ್ಷದ ಮೇಲೆ ವಸುಧಾ ತಾನೇ ನನ್ನ ಮನೆ ಹುಡುಕಿಕೊಂಡು ಬಂದಳು. ತಲೆ ಬೆಳ್ಳಗಾಗಿತ್ತು. "ಹಳೆಯದು ಬಿಟ್ಟು ಬನ್ನಿ ಮಲ್ಲಮ್ಮ. ಮೊದಲ ವರ್ಷ ನಮಗೆ ಹಕ್ಕಿ ತೋರಿಸಿದ್ದು ನೀವೇ" ಅಂದಳು. ಶಾಲಿನ ಆಸೆಗೆ ಹೋದೆ ಎಂದು ಸೊಸೆ ಆಡಿಕೊಂಡಳು. ನನಗೆ ಗೇಟು ತೆರೆಯುವ ದಿನ ಅದೊಂದೇ ಎಂದು ಹೋದೆ.

ಕೊಳ ಚೆನ್ನಾಗಿದೆ. ನೀರು ತಿಳಿಯಾಗಿದೆ. ಅಂಚಿನ ಕಲ್ಲಿನ ಮೇಲೆ ಬುಲ್‌ಬುಲ್ ಕುಳಿತು ನೀರು ಕುಡಿಯುತ್ತದೆ. ಹಕ್ಕಿಗಳ ಹೆಸರು ಬರೆದ ಬೋರ್ಡು ಇದೆ. ಕುರಿಮರಿಯ ಗೋರಿಗೆ ಕಬ್ಬಿಣದ ಬೇಲಿ ಹಾಕಿದ್ದಾರೆ. ಕೊಳದ ಅಂಚಿನಲ್ಲಿರುವ ನಮ್ಮ ಕಲ್ಲುಗಳನ್ನು ಎಣಿಸಿದೆ. ಒಂದೂ ಕಡಿಮೆ ಇಲ್ಲ.

ವಸುಧಾ ಪಕ್ಕಕ್ಕೆ ಬಂದು ನಿಂತಳು. "ಎಲ್ಲ ಹಕ್ಕಿ ಬರ್ತವೆ ಮಲ್ಲಮ್ಮ, ಟಿಟ್ಟಿಭ ಮಾತ್ರ ಇಲ್ಲ. ಆ ವರ್ಷದ ನಂತರ ಒಂದು ಮೊಟ್ಟೆ ಇಟ್ಟದ್ದು ಯಾರೂ ಕಂಡಿಲ್ಲ. ನಿಮ್ಮ ಕಣ್ಣಿಗೆ ಎಲ್ಲಾದ್ರೂ ಬಿದ್ರೆ ಹೇಳಿ, ಆಯ್ತಾ? ನಾವು ನೋಡ್ಕೊಳ್ತೇವೆ."

ಬರುವಾಗಲೇ ಬಿದ್ದಿತ್ತು. ಗೇಟಿನ ಪಕ್ಕ ಸಾಮೇಲ್ ಕಾಕಾನ ಖೋಲಿ ಕೆಡವಿದ ಜಾಗದಲ್ಲಿ ಹೆಂಟೆ, ಹರಳು ಬಿದ್ದುಕೊಂಡಿವೆ. ಅವನು ಹಾಸಿಗೆ ಹಾಸುತ್ತಿದ್ದ ಕಡೆ ಟಿಟವಿ ಕುಳಿತಿತ್ತು. ನನ್ನನ್ನು ಕಂಡು ಎದ್ದು ನಾಲ್ಕು ಹೆಜ್ಜೆ ಓಡಿ ನಿಂತಿತು. ನಾಲ್ಕು ತತ್ತಿ, ಚೂಪು ತುದಿ ಒಳಮುಖ.

"ಇಲ್ರೀ ಬಾಯಾರ," ಅಂದೆ. "ಈಗ ಕಣ್ಣು ಮಂಜಾಗ್ಯಾವು."

ಹೊರಗೆ ಹೋಗುವಾಗ ಅದು ನನ್ನ ತಲೆಯ ಮೇಲೆ ಸುತ್ತು ಹಾಕಿ ಕಿರುಚಿತು. ಒಳಗೆ ಮೈಕಿನಲ್ಲಿ ಯಾರೋ ಭಾಷಣ ಮಾಡುತ್ತಿದ್ದರು, ಅದರ ಕೂಗು ಯಾರಿಗೂ ಕೇಳಲಿಲ್ಲ. ಶಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕಡೆ ತಿರುಗಿ ನೋಡದೆ ನಡೆದೆ. ಮನೆಯಲ್ಲೂ ಹೇಳಲಿಲ್ಲ, ಯಲ್ಲವ್ವನಿಗೂ ಹೇಳಲಿಲ್ಲ. ಮರಿಗಳು ನಡೆದು ಹೋಗಲಿ ಎಂದು ಕಾಯ್ದೆ. ಮಳೆಗಾಲ ಮುಗಿಯಿತು, ಈಗ ಬರೆದೆ.